ಅತ್ತೆಯನ್ನು ಯಾರ ಮನೆಗೆ ಕಳಿಸುವುದು

ಸಲಹಾ ಕೇಂದ್ರಕ್ಕೆ ಹೊಸದಾಗಿ ಸೇರಿದ ಇಬ್ಬರು ಹುಡುಗಿಯರು ಈಚೆಗೆ ಮನೆಗೆ ಬಂದಿದ್ದರು. ಗಂಡ ಹೆಂಡತಿ ಬೇರೆಯಾದ ಮೇಲೆ ಉಳಿಯುವ ತಕರಾರುಗಳನ್ನು ಕೋರ್ಟಿನ ಮೆಟ್ಟಿಲು ಹತ್ತಿಸದೆ ಹೇಗೆ ಬಗೆಹರಿಸುತ್ತಿದ್ದಿರಿ, ನಮಗೆ ಉಪಯೋಗವಾಗುವಂತೆ ಬರೆದುಕೊಡಿ ಎಂದು ಕೇಳಿದರು. ಆಗಲಿ ಎಂದೆ. ಬರೆಯಲು ಕೂತ ಮೇಲೆ ಫಜೀತಿ ಶುರುವಾಯಿತು. ಸರಳವಾಗಿ ಬಗೆಹರಿದ ಪ್ರಕರಣಗಳಲ್ಲಿ ಬಂದವರ ಮುಖವೂ ನೆನಪಾಗುವುದಿಲ್ಲ. ಮತ್ತೆ ಮತ್ತೆ ನೆನಪಾಗುವುದು ನನಗೆ ಕೊನೆಯವರೆಗೂ ಪೂರ್ತಿ ಅರ್ಥವಾಗದ ಒಂದು ಪ್ರಕರಣ. ಅದನ್ನೇ ಬರೆಯುತ್ತೇನೆ. ಉಪಯೋಗವಾಗುತ್ತದೋ ಇಲ್ಲವೋ ಅವರೇ ನೋಡಿಕೊಳ್ಳಲಿ.

ಆಗ ನಮ್ಮ ಕೇಂದ್ರ ಶಹಾಪುರದ ಬಸ್ ಸ್ಟ್ಯಾಂಡಿನ ಹಿಂದೆ ಒಂದು ಬಾಡಿಗೆ ಮನೆಯಲ್ಲಿತ್ತು. ಮುಂದೆ ಪಡಸಾಲೆ, ಒಳಗೆ ಎರಡು ಖೋಲಿ, ಅಂಗಳದಲ್ಲಿ ಒಂದು ಬೇವಿನ ಮರ. ಸುರಪುರದಿಂದಲೂ ಯಾದಗಿರಿ ಕಡೆಯಿಂದಲೂ ಜನ ಬರುತ್ತಿದ್ದರು. ನಾನು ಸಲಹೆಗಾರ್ತಿ. ನನ್ನ ಮೇಲಿದ್ದವರು ಗುರುಪಾದಪ್ಪ ವಕೀಲರು. ವಕೀಲಿ ಬಿಟ್ಟು ಸಂಬಳವಿಲ್ಲದೆ ಕೇಂದ್ರ ನಡೆಸುತ್ತಿದ್ದರು. ಬಂದವರಿಗೆ ಮೊದಲು ಚಹಾ ಕೊಡಿಸುವುದು, ಕಪ್ಪು ಕೆಳಗಿಡುವವರೆಗೆ ಏನೂ ಕೇಳದಿರುವುದು ಅವರ ಪದ್ಧತಿ. ಸಿಟ್ಟು ಬಂದರೆ ಮಾತ್ರ ಅಂಗಳದಾಚೆಗೂ ಕೇಳಿಸುವಂತೆ ಬಯ್ಯುತ್ತಿದ್ದರು.

ಅವರ ಮೊದಲ ಬೈಗುಳ ನನಗೆ ಬಿದ್ದದ್ದು ಬಾಂಡ್ ಪೇಪರಿನ ವಿಷಯಕ್ಕೆ. ಹಳ್ಳಿಯ ಹಿರಿಯರು ಕಟ್ಟೆಗೆ ಕೂತು, ಇನ್ನು ಮುಂದೆ ಇವನಿಗೂ ಇವಳಿಗೂ ಸಂಬಂಧವಿಲ್ಲ ಎಂದು ಬಾಂಡ್ ಪೇಪರಿನ ಮೇಲೆ ಬರೆಸಿಬಿಡುತ್ತಿದ್ದರು. ಅಂಥದ್ದೊಂದನ್ನು ಹಿಡಿದು ಬಂದ ಹೆಣ್ಣುಮಗಳಿಗೆ ನಾನು, ನಿಮ್ಮದು ಆಗಲೇ ಮುಗಿದಿದೆಯಲ್ಲ, ಆರಾಮಾಗಿರಿ ಎಂದು ಹೇಳಿ ಕಳಿಸಿದ್ದೆ. ಬಾಂಡ್ ಪೇಪರಿನಿಂದ ಲಗ್ನ ಮುರಿಯುವುದಿಲ್ಲ, ನಾಳೆ ಆಕೆ ಇನ್ನೊಂದು ಲಗ್ನ ಮಾಡಿಕೊಂಡರೆ ಗತಿ ಏನು ಎಂದು ವಕೀಲರು ಕೂಗಾಡಿದರು. ಆಕೆಯನ್ನು ಹುಡುಕಿಕೊಂಡು ನಾನು ಬಸ್ ಸ್ಟ್ಯಾಂಡಿಗೆ ಓಡಿದೆ. ಯಾರ ಬಳಿ ಇರುವುದು, ಹೇಗೆ ಬದುಕುವುದು ಎಂಬುದನ್ನೆಲ್ಲ ನಮ್ಮ ಪಡಸಾಲೆಯಲ್ಲೇ ಒಪ್ಪಿಕೊಳ್ಳಬಹುದು, ಲಗ್ನ ಮುರಿಯಲು ಮಾತ್ರ ಕೋರ್ಟಿನ ಹುಕುಂ ಬೇಕು ಎಂಬುದು ಅವತ್ತು ತಲೆಯಲ್ಲಿ ಕೂತಿತು.

ಎಡದಂಡೆ ಕಾಲುವೆಯ ನೀರು ನಮ್ಮ ಕಡೆಯ ಹೊಲಗಳಿಗೆ ಬಂದು ಕೆಲವು ವರ್ಷಗಳಾಗಿದ್ದವು. ಜೋಳ ಬೆಳೆಯುತ್ತಿದ್ದ ಹೊಲಗಳಲ್ಲಿ ನೆಲ್ಲು ಬಂತು. ಆಂಧ್ರದ ಕಡೆಯವರು ಬಂದು ಹೊಲ ಲೀಸಿಗೆ ಹಿಡಿದು, ಕಾಲುವೆ ದಂಡೆಯಲ್ಲಿ ಗುಡಿಸಲು ಹಾಕಿಕೊಂಡು ಕ್ಯಾಂಪು ಮಾಡಿದ್ದರು. ನೀರು ಬಂದ ಮೇಲೆ ಮನೆಮನೆಯ ಜಗಳಗಳ ಬಣ್ಣವೂ ಬದಲಾಯಿತು. ಬೀರಪ್ಪ ನಮ್ಮಲ್ಲಿಗೆ ಬಂದದ್ದು ಆ ದಿನಗಳಲ್ಲಿ.

ಬೀರಪ್ಪ ಸುರಪುರದ ಆಚೆಯ ಒಂದು ಹಳ್ಳಿಯ ಕುರಿಗಾರ. ಎತ್ತರದ ಆಳು, ಹೆಗಲ ಮೇಲೆ ಕಂಬಳಿ. ಚಹಾ ಕುಡಿದು ಕಪ್ಪು ಕೆಳಗಿಟ್ಟ. ಹೆಂಡತಿ ದೇವಮ್ಮ ಮನೆ ಬಿಟ್ಟು ಹೋಗಿದ್ದಾಳೆಂದು ಹೇಳಿದ. ಆಕೆ ವಾಪಸ್ ಬರಬೇಕೇ ಎಂದು ಕೇಳಿದೆ.

"ಆಕಿ ಹೋದ್ರ ಹೋಗ್ಲಿರಿ. ನಮ್ಮವ್ವನ್ನ ಕರ್ಕೊಂಡು ಹೋಗ್ಯಾಳ. ನಮ್ಮವ್ವನ್ನ ಕೊಡಸ್ರಿ."

ನಾನು ಕೇಳಿದ್ದು ತಪ್ಪಿರಬೇಕು ಎಂದುಕೊಂಡು ಇನ್ನೊಮ್ಮೆ ಕೇಳಿದೆ. ಅವನು ಅದನ್ನೇ ಹೇಳಿದ. ಗಂಡನನ್ನು ಬಿಟ್ಟ ಹೆಂಗಸು ಮಕ್ಕಳನ್ನು ಕರೆದುಕೊಂಡು ಹೋಗುವುದನ್ನು ನೋಡಿದ್ದೆ. ಇವರಿಗೆ ಮಕ್ಕಳಿರಲಿಲ್ಲ. ಅತ್ತೆಯನ್ನು ಕರೆದುಕೊಂಡು ಹೋದವಳ ಸುದ್ದಿಯನ್ನು ನಾನು ಕೇಳಿದ್ದು ಅದೇ ಮೊದಲು.

ದೇವಮ್ಮನಿಗೆ ಹೇಳಿಕಳಿಸಿದೆವು. ಶಹಾಪುರಕ್ಕೆ ಹತ್ತಿರದ ಒಂದು ಕ್ಯಾಂಪಿನ ಪಕ್ಕ ಖೋಲಿ ಹಿಡಿದು ನೆಲ್ಲು ನಾಟಿಯ ಕೂಲಿಗೆ ಹೋಗುತ್ತಿದ್ದಳು. ಆಕೆಗಿಂತ ಮೊದಲು ಒಳಗೆ ಬಂದದ್ದು ಅತ್ತೆ ನಿಂಗಮ್ಮ. ಕಣ್ಣು ಮಂಜಾಗಿದ್ದರೂ ಗೋಡೆ ಹಿಡಿದುಕೊಂಡು ಬಂದು ನನ್ನ ಎದುರಿಗೇ ಕೂತಳು.

"ನನ್ನ ಕೊಡಸ್ತೀರಂತ. ನಾನೇನು ಕುರಿ ಏನ್ರಿ, ಹಗ್ಗ ಹಿಡದು ಕೈಯಾಗ ಕೊಡಾಕ?"

ಇಬ್ಬರನ್ನೂ ಬೇರೆ ಬೇರೆ ಕೂರಿಸಿ ಮಾತಾಡಿಸುವುದು ಆಗಿನ್ನೂ ನಮಗೆ ಹೊಸ ಪದ್ಧತಿ. ಮೊದಲೆಲ್ಲ ಎರಡೂ ಕಡೆಯವರನ್ನು ಒಂದೇ ಕಡೆ ಕೂರಿಸಿ ಬಯ್ಯುತ್ತಿದ್ದೆವು, ಅವರೂ ಬಯ್ದಾಡುತ್ತಿದ್ದರು. ಒಬ್ಬೊಬ್ಬರನ್ನೇ ಕೇಳು, ಒಬ್ಬರು ಹೇಳಿದ್ದನ್ನು ಅವರ ಒಪ್ಪಿಗೆಯಿಲ್ಲದೆ ಇನ್ನೊಬ್ಬರಿಗೆ ಹೇಳಬೇಡ ಎಂದು ವಕೀಲರು ನಿಯಮ ಮಾಡಿದ್ದರು. ಹಾಗೆ ಕೇಳಿದಾಗ ದೇವಮ್ಮನಿಂದ ತಿಳಿದದ್ದು ಇದು.

ಕಾಲುವೆ ಬಂದ ಮೇಲೆ ಊರಿನ ಬೀಳುಗಳೆಲ್ಲ ಗದ್ದೆಯಾದವು. ಕುರಿಗೆ ಮೇವಿಲ್ಲ. ಮಳೆಗಾಲದಲ್ಲಿ ಸುರಪುರದ ಗುಡ್ಡಗಳಲ್ಲಿ ಹುಲ್ಲಿರುವಾಗ ಮಾತ್ರ ಬೀರಪ್ಪ ಊರಲ್ಲಿರುತ್ತಿದ್ದ. ಉಳಿದಂತೆ ಹಿಂಡು ಹೊಡೆದುಕೊಂಡು ತೆಲಂಗಾಣದ ಕಡೆ ಹೋಗಿಬಿಡುತ್ತಿದ್ದ. ಅತ್ತೆ ಸೊಸೆ ಇಬ್ಬರೇ ಮನೆಯಲ್ಲಿ. ಇದ್ದ ತುಂಡು ಹೊಲಕ್ಕೆ ನೀರು ಬಂತಲ್ಲ, ಇಬ್ಬರೂ ಕೂಡಿ ನೆಲ್ಲು ಬೆಳೆಯಲು ಕಲಿತರು. ಒಂದು ವರ್ಷ ಸಸಿ ಮಡಿ ಮಾಡಿ, ಸಸಿ ಗೇಣುದ್ದ ಬಂದು, ನಾಳೆ ನಾಡಿದ್ದು ಕಿತ್ತು ಹಚ್ಚಬೇಕು ಎನ್ನುವಾಗ ಟ್ರ್ಯಾಕ್ಟರ್ ಬಂದು ಮಡಿಯ ಮೇಲೆ ಹಾಯಿತು. ಬೀರಪ್ಪ ಮನೆಯಲ್ಲಿ ಯಾರಿಗೂ ಹೇಳದೆ ಹೊಲವನ್ನು ಕ್ಯಾಂಪಿನವರಿಗೆ ಲೀಸಿಗೆ ಕೊಟ್ಟಿದ್ದ. ದೇವಮ್ಮನನ್ನು ಕುರಿಯ ಜೊತೆ ಕರೆದುಕೊಂಡು ಹೋಗುವುದು ಅವನ ಲೆಕ್ಕಾಚಾರ. ದೇವಮ್ಮ ಹೊಲದಿಂದ ಮನೆಗೆ ಬಂದು ಸೀರೆಗಳನ್ನು ಗಂಟು ಕಟ್ಟಿಕೊಂಡಳು. ನಿಂಗಮ್ಮ ಏನೂ ಕೇಳದೆ ತನ್ನ ಸೀರೆಯನ್ನೂ ಅದೇ ಗಂಟಿಗೆ ಹಾಕಿದಳು.

ನನಗೆ ನಂಬಿಕೆ ಬರಲಿಲ್ಲ. ಹೊಲ ಮುದುಕಿಯ ಹೆಸರಿನಲ್ಲಿರಬೇಕು, ಹೆಬ್ಬೆಟ್ಟಿಗಾಗಿ ಇಬ್ಬರೂ ಎಳೆದಾಡುತ್ತಿದ್ದಾರೆ ಎಂದು ಅನುಮಾನಪಟ್ಟೆ. ರಾಮಸಮುದ್ರದಿಂದ ಬಂದಿದ್ದ ದೇವಮ್ಮನ ಅಣ್ಣನೂ ಅದನ್ನೇ ಹೇಳಿದ. ವಕೀಲರು ವಿಚಾರಿಸಿದರು. ಹೊಲ ಮಾವ ಸತ್ತಾಗಲೇ ಬೀರಪ್ಪನ ಹೆಸರಿಗೆ ಆಗಿತ್ತು. ಮುದುಕಿಯ ಹೆಸರಿನಲ್ಲಿ ಏನೂ ಇರಲಿಲ್ಲ. ನನ್ನ ತಲೆ ಕೆಟ್ಟಿತು. ಹಾಗಾದರೆ ಇವರು ಜಗಳಾಡುತ್ತಿರುವುದು ಯಾತಕ್ಕೆ?

ಮೂವರನ್ನೂ ಕೂಡಿಸಿದ ದಿನ ಬೀರಪ್ಪ ತಾಯಿಯ ಮುಖ ನೋಡಲಿಲ್ಲ. ಊರಲ್ಲಿ ಮಂದಿ ಏನೇನೋ ಕೇಳುತ್ತಾರೆ ಎಂದಷ್ಟೇ ಹೇಳಿದ. ವಕೀಲರು ನಿಂಗಮ್ಮನನ್ನೇ ಕೇಳಿದರು, ನೀನು ಯಾರ ಜೊತೆ ಇರುತ್ತೀ ಎಂದು. ಆಕೆ ತಡಮಾಡದೆ ಸೊಸೆಯ ಜೊತೆ ಎಂದಳು. ಬೀರಪ್ಪ ಎದ್ದು ಹೊರಗೆ ಹೋದ. ನಾನು ಹಿಂದೆ ಹೋದೆ. ಬೇವಿನ ಮರದ ಕೆಳಗೆ ಕುಕ್ಕರಗಾಲಲ್ಲಿ ಕೂತಿದ್ದ. ತಾಯಿ ಎಲ್ಲಿದ್ದರೂ ಚೆನ್ನಾಗಿದ್ದರೆ ಸಾಕಲ್ಲವೇ ಎಂದು ಏನೋ ಒಂದು ಹೇಳಿದೆ. ಅವನು ಕಂಬಳಿ ಸರಿಮಾಡಿಕೊಂಡು ಹೇಳಿದ.

"ಕುರಿ ಹೊಡ್ಕೊಂಡು ಅಷ್ಟು ದೂರ ಹೋಗ್ತಿದ್ದೆ ನೋಡ್ರಿ, ನಮ್ಮವ್ವ ಮನ್ಯಾಗ ಅದಾಳ ಅಂತ ಹೋಗ್ತಿದ್ದೆ. ಈಗ ಕೀಲಿ ಹಾಕ್ಕೊಂಡು ಹೋಗ್ಬೇಕು. ಕೀಲಿ ಹಾಕಿದ ಮನಿಗಿ ಯಾಕ ತಿರುಗಿ ಬರ್ಬೇಕು ಹೇಳ್ರಿ."

ಅಷ್ಟರವರೆಗೆ ನಾನು ಒಳಗೊಳಗೇ ದೇವಮ್ಮನ ಕಡೆ ಇದ್ದೆ. ಅವನ ಮಾತು ಕೇಳಿ ಒಳಗೆ ಬಂದಾಗ ಯಾರ ಕಡೆ ಇದ್ದೇನೆಂದು ನನಗೇ ತಿಳಿಯದಾಯಿತು. ಅವನು ಮಡಿಯ ಮೇಲೆ ಟ್ರ್ಯಾಕ್ಟರ್ ಹಾಯಿಸಿದವನೂ ಹೌದು.

ಕೊನೆಗೆ ವಕೀಲರು ಒಂದು ದಾರಿ ತೆಗೆದರು. ಮಳೆಗಾಲದಲ್ಲಿ ಬೀರಪ್ಪ ಊರಲ್ಲಿರುತ್ತಾನೆ, ದೇವಮ್ಮ ನಾಟಿಗೆಂದು ದಿನವಿಡೀ ಹೊರಗಿರುತ್ತಾಳೆ. ಆಗ ನಿಂಗಮ್ಮ ಮಗನ ಮನೆಯಲ್ಲಿರಲಿ. ಹಿಂಡು ಹೊರಟಾಗ ಸೊಸೆಯ ಖೋಲಿಗೆ ಬರಲಿ. ಗಂಡ ಹೆಂಡತಿ ಸದ್ಯ ಬೇರೆಯೇ ಇರಲಿ. ಮೂವರೂ ಒಪ್ಪಿದರು. ನಿಂಗಮ್ಮ ಮಾತ್ರ, ನನ್ನ ಕೇಳಿ ಮಾಡಿದ್ರಲ್ಲ, ಅಷ್ಟು ಸಾಕು ಎಂದಳು.

ಮೊದಲ ಒಂದೆರಡು ವರ್ಷ ಮುದುಕಿಯನ್ನು ಒಪ್ಪಿಸುವ ದಿನ ನಾನು ಬಸ್ ಸ್ಟ್ಯಾಂಡಿನಲ್ಲಿ ಇರಲೇಬೇಕಿತ್ತು. ಗಂಡ ಹೆಂಡತಿ ಒಬ್ಬರನ್ನೊಬ್ಬರು ಮಾತಾಡಿಸುತ್ತಿರಲಿಲ್ಲ. ಅತ್ತೆ ಹುಳಿ ತಿಂದರೆ ಕೆಮ್ಮುತ್ತಾಳೆಂದು ದೇವಮ್ಮ ನನಗೆ ಹೇಳುವಳು. ಗೊತ್ತದ ಅಂತ ಹೇಳ್ರಿ ಎಂದು ಬೀರಪ್ಪನೂ ನನಗೇ ಹೇಳುವನು. ಇಬ್ಬರ ನಡುವೆ ಒಂದು ಮೊಳ ಜಾಗವಿರುತ್ತಿತ್ತು. ಅದರಲ್ಲಿ ನಾನು ನಿಂತಿರುತ್ತಿದ್ದೆ.

ನಿಂಗಮ್ಮನ ಕಣ್ಣಿನ ಪೊರೆ ತೆಗೆಸಲು ಯಾದಗಿರಿಯ ದವಾಖಾನೆಗೆ ಹೋದಾಗ ಆ ಜಾಗ ಹೋಯಿತು. ಕಣ್ಣಿಗೆ ಔಷಧ ಬಿಡುವುದಕ್ಕೆ ಒಬ್ಬರು ರೆಪ್ಪೆ ಹಿಡಿಯಬೇಕು, ಒಬ್ಬರು ಹನಿ ಹಾಕಬೇಕು. ಸ್ವಲ್ಪ ಮ್ಯಾಲ ಹಿಡಿ ಎಂದು ದೇವಮ್ಮ ಅಂದಳು, ಬೀರಪ್ಪ ಹಿಡಿದ. ಮುದುಕಿ ಮಲಗಿದ ಮೇಲೆ ಇಬ್ಬರೂ ವರಾಂಡದಲ್ಲಿ ಕೂತು ಬುತ್ತಿ ಬಿಚ್ಚಿ ಉಂಡರು. ನೋಡಿ ನನಗೆ ಹಿಗ್ಗು. ಇನ್ನು ಇವರು ಒಂದಾದ ಹಾಗೆಯೇ ಎಂದುಕೊಂಡು, ತಡೆಯಲಾರದೆ ಕೇಳಿಯೇಬಿಟ್ಟೆ.

ದೇವಮ್ಮ ಕೈತೊಳೆದುಕೊಂಡು ಬಂದು ನಿಧಾನಕ್ಕೆ ಹೇಳಿದಳು. "ಅಕ್ಕೋರೆ, ಅತ್ತಿ ಬ್ಯಾರೆ, ಗಂಡ ಬ್ಯಾರೆ. ನೀವ್ಯಾಕ ಎರಡೂ ಕೂಡಸಾಕತ್ತೀರಿ?"

ಬೀರಪ್ಪನನ್ನು ಕೇಳಿದರೆ, ಆಕೆ ಬಹಳ ಛಲೋ ಹೆಣ್ಣುಮಗಳು, ನನಗೆ ಮಾತ್ರ ಬೇಡ ಎಂದ. ಒಬ್ಬರ ಮೇಲೊಬ್ಬರಿಗೆ ಸಿಟ್ಟೂ ಉಳಿದಿರಲಿಲ್ಲ, ಒಂದಾಗುವ ಮನಸ್ಸೂ ಇರಲಿಲ್ಲ. ವಕೀಲರಿಗೆ ಹೇಳಿದೆ. ಅವರು ನಕ್ಕು, ಜಗಳ ನಿಂತರೆ ಒಂದಾಗಲೇಬೇಕು ಎಂದು ನಿನಗೆ ಯಾರು ಹೇಳಿದರು ಎಂದು ಕೇಳಿದರು.

ಕೆಲವು ವರ್ಷಗಳಲ್ಲಿ ವಕೀಲರಿಗೆ ವಯಸ್ಸಾಗಿ ದಿನವೂ ಬರುವುದು ನಿಂತಿತು. ಅವರ ಜಾಗಕ್ಕೆ ಒಬ್ಬ ಯುವ ಅಧಿಕಾರಿ ಬಂದರು. ಚುರುಕಿನ ಮನುಷ್ಯ, ಕೆಟ್ಟವರೇನಲ್ಲ. ಪ್ರತಿ ಪ್ರಕರಣವೂ ಒಂದೋ ರಾಜಿಯಾಗಬೇಕು, ಇಲ್ಲವೇ ಕೋರ್ಟಿಗೆ ಹೋಗಬೇಕು ಎಂಬುದು ಅವರ ಹಟ. ಈ ಪ್ರಕರಣ ಓದಿ, ಇದು ರಾಜಿಯೋ ಅಲ್ಲವೋ ಎಂದು ಕೇಳಿದರು. ಗಂಡ ಹೆಂಡತಿ ಬೇರೆ ಇದ್ದಾರೆ, ಆದರೆ ತಕರಾರಿಲ್ಲ ಎಂದೆ. ಅತ್ತೆಯನ್ನು ಹೀಗೆ ಹಂಚಿಕೊಳ್ಳಲು ಯಾವ ಕಾನೂನಿದೆ ಎಂದರು. ಗೊತ್ತಿಲ್ಲ ಸರ್ ಎಂದೆ. ಮುಗಿಸಿಬಿಡಿ ಎಂದರು. ಪ್ರಕರಣ ಮುಗಿಯಿತೆಂದು ನಾನು ಆ ಮೂವರಿಗೆ ಹೇಳಿದೆ. ಹೌದೇನ್ರಿ ಎಂದು ತಲೆಯಾಡಿಸಿದರು. ಮುಂದಿನ ಮಳೆಗಾಲಕ್ಕೆ ಎಂದಿನಂತೆ ಮೂವರೂ ಪಡಸಾಲೆಗೆ ಬಂದು ಕೂತಿದ್ದರು.

ಆಮೇಲೆ ಒಂದು ದಿನ ದೇವಮ್ಮ ಒಬ್ಬಳೇ ಬಂದಳು. ಸಾಬಣ್ಣ ಎಂಬುವನು ಕಾಲುವೆಯ ತೂಬು ತೆರೆದು ಮುಚ್ಚುವ ಕೆಲಸದವನು, ಹೆಂಡತಿ ತೀರಿಹೋಗಿದ್ದಾಳೆ, ತನ್ನನ್ನು ಮಾಡಿಕೊಳ್ಳುತ್ತೇನೆ ಅನ್ನುತ್ತಿದ್ದಾನೆ, ತನಗೂ ಮನಸ್ಸಿದೆ ಎಂದಳು. ನಾನು ಸಂತೋಷಪಟ್ಟೆ. ಬೀರಪ್ಪ ಒಪ್ಪಿದರೆ ಇಬ್ಬರೂ ಕೂಡಿ ಅರ್ಜಿ ಹಾಕಬಹುದು, ಇದೊಂದಕ್ಕೆ ಕೋರ್ಟಿಗೆ ಹೋಗಲೇಬೇಕು, ಆದರೆ ಅಲ್ಲಿ ಜಗಳಾಡುವುದೇನೂ ಉಳಿದಿಲ್ಲ ಎಂದು ತಿಳಿಸಿ ಹೇಳಿದೆ. ಅತ್ತೆಗೆ ಹೇಳಿದ್ದೀಯಾ ಎಂದು ಕೇಳಿದೆ. ಇಲ್ಲ, ಹೇಳಲು ಬಾಯಿ ಬರುತ್ತಿಲ್ಲ, ನೀವೂ ಹೇಳಬೇಡಿ ಎಂದಳು. ನಿಯಮದಂತೆ ನಾನು ಹೇಳಲಿಲ್ಲ. ಅದೇ ವಾರ ನಿಂಗಮ್ಮ ಬಂದು ನನ್ನ ಎದುರಿಗೆ ಕೂತು ಚಹಾ ಕುಡಿದು ಹೋದಳು.

ಆ ಸುದ್ದಿ ಮುದುಕಿಗೆ ತಿಳಿದದ್ದು ಕ್ಯಾಂಪಿನ ಹೆಂಗಸರಿಂದ, ನೀರಿನ ನಲ್ಲಿಯ ಬಳಿ. ಮಳೆಗಾಲ ಇನ್ನೂ ದೂರವಿತ್ತು. ಆದರೂ ಗಂಟು ಕಟ್ಟಿಕೊಂಡು ಮಗನ ಊರಿನ ಬಸ್ಸು ಹತ್ತಿದಳು. ಬೀರಪ್ಪ ಅಷ್ಟರಲ್ಲಿ ವಯಸ್ಸಾಗಿ ದೂರ ಹೋಗಲಾಗದೆ ಹಿಂಡು ಸಣ್ಣದು ಮಾಡಿ ಊರ ಸುತ್ತಲೇ ಮೇಯಿಸುತ್ತಿದ್ದ. ದೇವಮ್ಮ ಬಂದು ನಮ್ಮ ಪಡಸಾಲೆಯಲ್ಲಿ ಅತ್ತಳು. ಗಂಡನನ್ನು ಬಿಟ್ಟ ದಿನ ತನ್ನ ಕಣ್ಣಲ್ಲಿ ನೀರಿರಲಿಲ್ಲವೆಂದು ಅವಳೇ ಹೇಳಿದ್ದಳು. ಈಗ ಸಮಾಧಾನ ಮಾಡಲು ನನ್ನಿಂದಾಗಲಿಲ್ಲ. ನಾನು ಕಲಿತದ್ದೆಲ್ಲ ಗಂಡ ಹೆಂಡತಿಯನ್ನು ಎದುರುಬದುರು ಕೂರಿಸುವ ವಿದ್ಯೆ.

ಸ್ವಲ್ಪ ದಿನಕ್ಕೆ ಬೀರಪ್ಪ ಬಂದ. ಅರ್ಜಿಗೆ ಸಹಿ ಹಾಕಲು ತಕರಾರು ತೆಗೆಯುತ್ತಾನೇನೋ ಎಂದುಕೊಂಡೆ. ಸಹಿ ಎಲ್ಲಿ ಹಾಕಬೇಕು ತೋರಿಸಿ, ಹಾಕುತ್ತೇನೆ ಎಂದ. ಹಾಗಾದರೆ ಬಂದದ್ದೇಕೆ ಎಂದು ಕೇಳಿದೆ.

"ನಮ್ಮವ್ವ ಗ್ವಾಡಿ ಕಡೆ ಮಾರಿ ಮಾಡಿ ಕುಂತಾಳ್ರಿ. ಅರ್ಧ ರೊಟ್ಟಿ ತಿಂತಾಳ, ಅರ್ಧ ಬಿಡ್ತಾಳ. ದೇವಮ್ಮಗ ಹೇಳ್ರಿ, ಬಂದು ಕರ್ಕೊಂಡು ಹೋಗು ಅಂತ."

ಅವ್ವನನ್ನು ಕೊಡಿಸಿ ಎಂದು ಬಂದಿದ್ದ ಮನುಷ್ಯನೇ ಈಗ ಅವ್ವನನ್ನು ಕರೆದುಕೊಂಡು ಹೋಗಲು ಹೇಳಿ ಎನ್ನುತ್ತಿದ್ದ. ನಿನಗೆ ಬೇಕಾದದ್ದು ಸಿಕ್ಕಿತಲ್ಲಪ್ಪ ಎಂದು ಕೇಳಬೇಕೆನಿಸಿತು. ಅವನ ಮುಖ ನೋಡಿ ಕೇಳಲಿಲ್ಲ.

ಅಧಿಕಾರಿಗಳು ಇದು ನಮ್ಮ ಕೆಲಸವಲ್ಲ ಎಂದರು. ರಜೆ ಹಾಕಿ ನಾನೇ ದೇವಮ್ಮನನ್ನು ಕರೆದುಕೊಂಡು ಬೀರಪ್ಪನ ಊರಿಗೆ ಹೋದೆ. ದೇವಮ್ಮ ಆ ಹೊಸ್ತಿಲು ದಾಟಿ ಎಷ್ಟೋ ವರ್ಷವಾಗಿತ್ತು. ಬಾಗಿಲ ಹೊರಗೇ ನಿಂತಳು. ನಿಂಗಮ್ಮ ನಿಜವಾಗಿಯೂ ಗೋಡೆ ಕಡೆ ಮುಖ ಮಾಡಿ ಕೂತಿದ್ದಳು. ನನ್ನ ಧ್ವನಿ ಕೇಳಿ ತಿರುಗಿದಳು. ಸೊಸೆ ಇನ್ನೊಬ್ಬನನ್ನು ಮಾಡಿಕೊಳ್ಳುವುದು ಇವಳಿಗೆ ಮನಸ್ಸಿಲ್ಲ ಎಂದುಕೊಂಡೇ ನಾನು ಬಂದದ್ದು. ಹೆಣ್ಣುಮಗಳು ಎಷ್ಟು ದಿನ ಒಂಟಿ ಇರಬೇಕು ಎಂದು ತಯಾರಿ ಮಾಡಿಕೊಂಡಿದ್ದ ಮಾತು ಶುರುಮಾಡಿದೆ. ಅವಳು ಕೈ ಎತ್ತಿ ತಡೆದಳು.

"ಆಕಿ ಲಗ್ನ ಆಗ್ಲಿ, ನಾ ಯಾಕ ಬ್ಯಾಡಂತೀನಿ? ನಿಮಗ ಹೇಳ್ಯಾಳ, ನನಗ ಹೇಳಿಲ್ಲ. ನೀವರೆ ಗೊತ್ತಿದ್ದೂ ನನ್ನ ಮುಂದ ಕುಂತು ಚಾ ಕುಡಸಿದ್ರಿ."

ನಿಯಮವಿದೆ ಆಯಿ, ಒಬ್ಬರ ಮಾತು ಇನ್ನೊಬ್ಬರಿಗೆ ಹೇಳುವಂತಿಲ್ಲ ಎಂದೆ. ಹೇಳುವಾಗಲೇ ಆ ಮಾತು ಆ ಮನೆಯಲ್ಲಿ ಯಾವ ಕೆಲಸಕ್ಕೂ ಬರುವುದಿಲ್ಲ ಎಂದು ಗೊತ್ತಾಗುತ್ತಿತ್ತು. ಆ ನಿಯಮ ಎಷ್ಟೋ ಹೆಂಗಸರ ಮಾನ ಕಾಪಾಡಿದೆ. ಇವತ್ತಿಗೂ ಅದನ್ನು ಮುರಿಯಿರಿ ಎಂದು ನಾನು ಹೊಸಬರಿಗೆ ಹೇಳಲಾರೆ. ನಿಂಗಮ್ಮನ ಎದುರಿಗೆ ಅದನ್ನು ಸರಿಯೆಂದು ಸಾಧಿಸಲೂ ಆಗಲಿಲ್ಲ.

ದೇವಮ್ಮ ಒಳಗೆ ಬಂದು ಅತ್ತೆಯ ಪಕ್ಕದಲ್ಲಿ ಕೂತಳು. ಏನು ಹೇಳಬೇಕೆಂದು ತಿಳಿಯದೆ, ಸಾಬಣ್ಣ ಹೇಗಿದ್ದಾನೆ, ಅವನ ಮನೆ ಎಲ್ಲಿ, ಸಾರಿಗೆ ಖಾರ ಎಷ್ಟು ತಿನ್ನುತ್ತಾನೆ ಎಂದೆಲ್ಲ ಮೊದಲಿನಿಂದ ಹೇಳತೊಡಗಿದಳು. ನಡುವೆ ಒಮ್ಮೆ ಮುದುಕಿ, ಕುಡೀತಾನೇನು ಎಂದು ವಿಚಾರಿಸಿದಳು. ಇಲ್ಲ ಎಂದ ಮೇಲೆ ತಲೆಯಾಡಿಸಿದಳು. ಬೀರಪ್ಪ ಬಾಗಿಲಲ್ಲಿ ಬೆನ್ನು ತಿರುಗಿಸಿ ನಿಂತು ಇದನ್ನೆಲ್ಲ ಕೇಳಿಸಿಕೊಳ್ಳುತ್ತಿದ್ದ. ತನ್ನ ಹೆಂಡತಿಗೆ ನೋಡಿದ ಗಂಡಿನ ವಿಚಾರಣೆಯನ್ನು ತನ್ನ ತಾಯಿ ತನ್ನ ಮನೆಯಲ್ಲೇ ನಡೆಸುವಾಗ ಅವನ ಮನಸ್ಸಿನಲ್ಲಿ ಏನಿತ್ತೋ.

ದೇವಮ್ಮ ಬೀರಪ್ಪ ಇಬ್ಬರೂ ಕೂಡಿ ಕೋರ್ಟಿಗೆ ಹೋಗಿ ಬಂದರು. ಕೋರ್ಟು ಕೊಟ್ಟ ಗಡುವು ಮುಗಿದು ಲಗ್ನ ಮುರಿದ ಹುಕುಂ ಬಂತು. ದೇವಮ್ಮ ಸಾಬಣ್ಣರ ಲಗ್ನದಲ್ಲಿ ಹೆಣ್ಣಿನ ಕಡೆಯವರ ಸಾಲಿನಲ್ಲಿ ಮುಂದೆ ಕೂತವಳು ನಿಂಗಮ್ಮ. ರಾಮಸಮುದ್ರದ ಅಣ್ಣ ಮುನಿಸಿಕೊಂಡು ಬಂದಿರಲಿಲ್ಲ. ಕಾನೂನಿನ ಪ್ರಕಾರ ಈಗ ನಿಂಗಮ್ಮನಿಗೂ ದೇವಮ್ಮನಿಗೂ ಯಾವ ಸಂಬಂಧವೂ ಇಲ್ಲ. ನನಗೂ ಆ ಪ್ರಕರಣದಲ್ಲಿ ಇನ್ನು ಕೆಲಸವಿಲ್ಲ. ಹಾಗಂದುಕೊಂಡೇ ನಿವೃತ್ತಿಯಾದೆ.

ನಿವೃತ್ತಿಯಾದ ಮೇಲೆ ಒಂದು ಮಧ್ಯಾಹ್ನ ಸುರಪುರಕ್ಕೆ ಹೋಗಬೇಕಾಗಿತ್ತು. ಬಸ್ಸಿನಲ್ಲಿ ಕೂತಿದ್ದಾಗ ಕೆಳಗೆ ದೇವಮ್ಮ ಕಂಡಳು. ಬೀರಪ್ಪನ ಕೈಯಲ್ಲಿ ಒಂದು ಚೀಲ ಕೊಟ್ಟು, ಬಿಸಿಲಲ್ಲಿ ಆಡಲು ಬಿಡಬೇಡ ಎಂದು ಹೇಳುತ್ತಿದ್ದಳು. ಬೀರಪ್ಪನ ಹೆಗಲ ಮೇಲೆ ಒಂದು ಹೆಣ್ಣು ಕೂಸು. ದೇವಮ್ಮ ಸಾಬಣ್ಣರದು. ಮಳೆಗಾಲ ಬಿಟ್ಟರೆ ನಿಂಗಮ್ಮ ಈಗಲೂ ದೇವಮ್ಮನ ಮನೆಯಲ್ಲೇ ಇರುತ್ತಾಳಂತೆ, ಆಕೆ ಮಗನ ಊರಿಗೆ ಹೊರಟಾಗಲೆಲ್ಲ ಕೂಸು ಬೆನ್ನು ಹತ್ತುತ್ತದಂತೆ, ಬಿಟ್ಟು ಹೋದರೆ ಅತ್ತು ಜ್ವರ ಬರಿಸಿಕೊಳ್ಳುತ್ತದಂತೆ. ಅದಕ್ಕೇ ಮಳೆಗಾಲದಲ್ಲಿ ಅಜ್ಜಿಯ ಜೊತೆ ಅದೂ ಬೀರಪ್ಪನ ಮನೆಗೆ ಹೋಗಿ ಬರುವುದು ಶುರುವಾಗಿದೆ. ಸಾಬಣ್ಣ ಏನನ್ನುತ್ತಾನೆ ಎಂದು ಕಿಟಕಿಯಿಂದ ಕೇಳಿದೆ. ಚಪ್ಪಲ ಅವ್ನೇ ಕೊಡಿಸ್ಯಾನ ನೋಡ್ರಿ, ಕುರಿ ಹಿಂದ ಓಡ್ಯಾಡಾಕ ಅಂತ ಎಂದು ದೇವಮ್ಮ ಕೂಸಿನ ಕಾಲು ತೋರಿಸಿ ನಕ್ಕಳು.

ಬೀರಪ್ಪ, ನಿಂಗಮ್ಮ, ಕೂಸು ಮೂವರೂ ಹತ್ತಿ ನನ್ನ ಮುಂದಿನ ಸೀಟಿನಲ್ಲಿ ಕೂತರು. ಆಚೆ ಬದಿಯ ಸೀಟಿನ ಹೆಂಗಸೊಬ್ಬಳು ಕೂಸಿನ ಗಲ್ಲ ಸವರಿ, ಮೊಮ್ಮಗಳೇನಬೇ ಎಂದು ನಿಂಗಮ್ಮನನ್ನು ಕೇಳಿದಳು. ಹೌದು ಎಂದಳು ನಿಂಗಮ್ಮ.

"ಮಗನ ಮಗಳೋ, ಮಗಳ ಮಗಳೋ?"

ಬೀರಪ್ಪ ಕಿಟಕಿಯ ಕಡೆ ತಿರುಗಿದ. ನಿಂಗಮ್ಮ ಚೀಲಕ್ಕೆ ಕೈ ಹಾಕಿ ರೊಟ್ಟಿಯ ಗಂಟು ಹೊರಗೆ ತೆಗೆದು ತೊಡೆಯ ಮೇಲೆ ಬಿಚ್ಚಿದಳು.

"ಕೂಸು ಹಸದಾದ, ತಡಿಯವ್ವ, ಮೊದ್ಲ ಉಣ್ಣಲಿ," ಎಂದಳು.

ಬಸ್ಸು ಹೊರಟಿತು. ಆ ಹೆಂಗಸು, ಇವರ ಪರಿಚಯದವಳೆಂದು, ಉತ್ತರಕ್ಕಾಗಿ ನನ್ನ ಕಡೆ ನೋಡಿದಳು. ನಾನು ಕಣ್ಣು ಮುಚ್ಚಿ ನಿದ್ದೆ ಬಂದವಳಂತೆ ಕೂತೆ.